ಹನಿಯ ಹಿಂದಿನ ಹರಳು, ಹರಳಿನ ಮೇಲಿನ ಹಕ್ಕು

ಕೃಷ್ಣೆಯ ದಂಡೆಯಲ್ಲಿರುವ ಗೂಗಲ್, ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಊರು. ಅಲ್ಲಮಪ್ರಭುವಿನ ಗುಡಿಗೆ ಹೆಸರಾದ ಈ ಊರಿನಿಂದ ಹೊರಟು, ದೇವದುರ್ಗ, ಮಾನ್ವಿ ಸುತ್ತಿ ರಾಯಚೂರು ಸೇರುವಷ್ಟರಲ್ಲಿ ದಾರಿಯುದ್ದಕ್ಕೂ ಬ್ಯಾನರುಗಳು ಕಾಣುತ್ತವೆ. ಮದುವೆಗೆ ಸ್ವಾಗತ, ಜಾತ್ರೆಗೆ ಶುಭಾಶಯ, ಬೀಜ-ಗೊಬ್ಬರದ ಅಂಗಡಿಯ ಬೋರ್ಡು, ಕೋಚಿಂಗ್ ಕೇಂದ್ರದ ಜಾಹೀರಾತು. ಪ್ಲಾಸ್ಟಿಕ್ ಫ್ಲೆಕ್ಸನ್ನು ಕರ್ನಾಟಕ ಸರ್ಕಾರ 2016ರಲ್ಲೇ ನಿಷೇಧಿಸಿತು. ಬಟ್ಟೆಯ ಮೇಲೆ ಮುದ್ರಿಸಿದರೂ ಯಂತ್ರದ ಕೆಲಸ ಮಾತ್ರ ಒಂದೇ: ಹನಿ ಹನಿಯಾಗಿ ಶಾಯಿ ಚಿಮ್ಮಿಸುವುದು. ಆರಡಿ ಉದ್ದ, ನಾಲ್ಕಡಿ ಅಗಲದ ಒಂದು ಬ್ಯಾನರನ್ನು ಇಂಚಿಗೆ 360 ಚುಕ್ಕೆಯ ದಟ್ಟಣೆಯಲ್ಲಿ ಮುದ್ರಿಸುವುದಾದರೆ, ಒಂದೊಂದು ಬಣ್ಣಕ್ಕೂ ಸುಮಾರು 45 ಕೋಟಿ ಚುಕ್ಕೆಗಳ ಜಾಗ ಇರುತ್ತದೆ.

ಆ ಚುಕ್ಕೆಗಳನ್ನು ಇಡುವುದು ಅಂಗೈಯಷ್ಟು ದೊಡ್ಡ ಒಂದು ಭಾಗ. ಮುದ್ರಣದ ಅಂಗಡಿಗಳಲ್ಲಿ ಅದಕ್ಕೆ ಹೆಡ್ ಎನ್ನುತ್ತಾರೆ. ಹತ್ತಾರು ಸಾವಿರ ರೂಪಾಯಿ ಬಾಳುವ ಈ ಭಾಗ ಕೈಕೊಟ್ಟರೆ ಸಣ್ಣ ಅಂಗಡಿಯವನಿಗೆ ತಿಂಗಳ ಲಾಭವೇ ಹೋದಂತೆ. ‘ಕೋನಿಕಾ 512’ ಎಂಬ ಹೆಸರು ಈ ಕಸುಬಿನವರಿಗೆ ಚಿರಪರಿಚಿತ. ಜಪಾನಿನ ಕೋನಿಕಾ ಮಿನೋಲ್ಟಾ ಕಂಪನಿಯ ಆ ಹೆಡ್ಡಿನಲ್ಲಿ 512 ರಂಧ್ರಗಳಿವೆ. ಮಾದರಿಗೆ ತಕ್ಕಂತೆ ಒಂದೊಂದು ಹನಿ 14 ಅಥವಾ 42 ಪಿಕೊಲೀಟರ್. ಒಂದು ಲೀಟರಿನ ಲಕ್ಷ ಕೋಟಿ ಪಾಲಿನಲ್ಲಿ ಒಂದು ಪಾಲು ಪಿಕೊಲೀಟರ್. 42 ಪಿಕೊಲೀಟರಿನ ಹನಿ ದುಂಡಗಿದ್ದರೆ ಅದರ ಅಡ್ಡಳತೆ ಮಿಲಿಮೀಟರಿನ ಸಾವಿರದಲ್ಲಿ 43 ಪಾಲು, ತಲೆಗೂದಲಿಗಿಂತ ಸಣ್ಣದು.

ಇಷ್ಟು ಸಣ್ಣ ಹನಿಯನ್ನು ಸೆಕೆಂಡಿಗೆ ಸಾವಿರಾರು ಸಲ, ಪ್ರತಿ ಸಲವೂ ಒಂದೇ ಗಾತ್ರದಲ್ಲಿ, ಒಂದೇ ವೇಗದಲ್ಲಿ ಹೊರದೂಡುವ ಶಕ್ತಿ ಎಲ್ಲಿಂದ ಬರುತ್ತದೆ? ಹೆಡ್ಡಿನೊಳಗೆ ಮೋಟಾರಿಲ್ಲ, ಪಂಪಿಲ್ಲ. ಇರುವುದು ವಿದ್ಯುತ್ ಕೊಟ್ಟರೆ ಆಕಾರ ಬದಲಿಸುವ ಒಂದು ಸೆರಾಮಿಕ್ ಚೂರು. ಅದಕ್ಕೆ ಪಿಯೆಜೊ ಎಂದು ಹೆಸರು. ಈ ಚೂರನ್ನು ಎಷ್ಟು ದಪ್ಪ ಮಾಡಬೇಕು, ಅದರ ಕೆಳಗೆ ಯಾವ ಲೋಹವಿಡಬೇಕು, ಹರಳುಗಳು ಯಾವ ದಿಕ್ಕಿಗೆ ಮುಖ ಮಾಡಬೇಕು ಎಂಬ ಪ್ರಶ್ನೆಗಳ ಸುತ್ತ ಲೋಕದಾದ್ಯಂತ ಪೇಟೆಂಟ್ ಅರ್ಜಿಗಳು ಬರುತ್ತಲೇ ಇವೆ. ಆ ಅರ್ಜಿಗಳನ್ನು ಓದಿ, ‘ಇದರಲ್ಲಿ ಹೊಸದು ಏನು?’ ಎಂದು ಕೇಳುವವರು ಪೇಟೆಂಟ್ ಪರೀಕ್ಷಕರು. ಅವರ ಕೆಲಸ ಜನರ ಕಣ್ಣಿಗೆ ಬೀಳುವುದು ಕಡಿಮೆ. ಆದರೆ ಒಂದು ಯಂತ್ರ ಇಪ್ಪತ್ತು ವರ್ಷ ಯಾರ ಹಿಡಿತದಲ್ಲಿರಬೇಕು ಎಂಬುದು ಅವರು ಬರೆಯುವ ಕೆಲವು ಪುಟಗಳಿಂದ ತೀರ್ಮಾನವಾಗುತ್ತದೆ.

ಪಿಯೆಜೊ ಗುಣ ಹೊಸದಲ್ಲ. ಫ್ರಾನ್ಸಿನ ಅಣ್ಣತಮ್ಮಂದಿರಾದ ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ 1880ರಲ್ಲಿ ಅದನ್ನು ಕಂಡರು. ಸ್ಫಟಿಕದಂಥ ಕೆಲವು ಹರಳುಗಳನ್ನು ಅದುಮಿದರೆ ಅವುಗಳ ಮೈಮೇಲೆ ವಿದ್ಯುದಾವೇಶ ಕಾಣಿಸಿಕೊಳ್ಳುತ್ತದೆ. ಹಾಗಿದ್ದರೆ ವಿದ್ಯುತ್ ಕೊಟ್ಟಾಗ ಹರಳು ಹಿಗ್ಗಿ ಕುಗ್ಗಬೇಕಲ್ಲವೇ ಎಂದು 1881ರಲ್ಲಿ ಭೌತವಿಜ್ಞಾನಿ ಲಿಪ್‌ಮನ್ ಲೆಕ್ಕ ಹಾಕಿ ಹೇಳಿದರು. ಕ್ಯೂರಿ ಸಹೋದರರು ಅದನ್ನೂ ಪ್ರಯೋಗದಲ್ಲಿ ತೋರಿಸಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ಪಾಲ್ ಲಾಂಜೆವಿನ್ ಸ್ಫಟಿಕದ ಹಲ್ಲೆಗಳಿಂದ ನೀರೊಳಗೆ ಶಬ್ದದ ಅಲೆ ಎಬ್ಬಿಸಿ ಜಲಾಂತರ್ಗಾಮಿಗಳನ್ನು ಹುಡುಕುವ ಸಾಧನ ಕಟ್ಟಿದರು. 1950ರ ದಶಕದಲ್ಲಿ ಜಪಾನ್ ಮತ್ತು ಅಮೆರಿಕದ ಪ್ರಯೋಗಾಲಯಗಳು ಸೀಸ, ಜಿರ್ಕೋನಿಯಂ, ಟೈಟಾನಿಯಂ ಸೇರಿದ ಒಂದು ಆಕ್ಸೈಡಿನ ಶಕ್ತಿಯನ್ನು ಗುರುತಿಸಿದವು. ಲೆಡ್ ಜಿರ್ಕೋನೇಟ್ ಟೈಟನೇಟ್ ಎಂಬುದು ಅದರ ಪೂರ್ತಿ ಹೆಸರು. ಕೆಲಸ ಮಾಡುವವರ ಬಾಯಲ್ಲಿ ಪಿಝಡ್‌ಟಿ. ಜಿರ್ಕೋನಿಯಂ 52 ಪಾಲು, ಟೈಟಾನಿಯಂ 48 ಪಾಲು ಇರುವಲ್ಲಿ ಹರಳಿನ ಎರಡು ರಚನೆಗಳ ಗಡಿ ಬರುತ್ತದೆ. ಆ ಗಡಿಯ ಹತ್ತಿರವೇ ಅದು ಅತಿ ಹೆಚ್ಚು ಹಿಗ್ಗುತ್ತದೆ. ಇಂದಿನ ಪಿಯೆಜೊ ಹೆಡ್ಡುಗಳ ಜೀವಾಳ ಈ ವಸ್ತುವೇ.

ಹೆಡ್ಡಿನೊಳಗೆ ನಡೆಯುವುದಿಷ್ಟು. ಶಾಯಿ ತುಂಬಿದ ಸಣ್ಣ ಕೋಣೆ; ಅದರ ಒಂದು ಗೋಡೆಗೆ ಪಿಝಡ್‌ಟಿ ಅಂಟಿಸಿದೆ. ವಿದ್ಯುತ್ತಿನ ಮಿಡಿತ ಬಂದಾಗ ಗೋಡೆ ಮೊದಲು ಹೊರಕ್ಕೆ ಸರಿದು ಶಾಯಿಯನ್ನು ಒಳಗೆಳೆಯುತ್ತದೆ, ಮರುಕ್ಷಣ ಒಳಕ್ಕೆ ಒತ್ತಿ ರಂಧ್ರದ ಬಾಯಿಂದ ಹನಿಯನ್ನು ದೂಡುತ್ತದೆ. ಇಡೀ ಆಟ ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ ಹತ್ತಾರು ಪಾಲುಗಳಲ್ಲಿ ಮುಗಿಯುತ್ತದೆ. ಮಿಡಿತದ ಏರಿಳಿತವನ್ನು ಬದಲಿಸಿದರೆ ಹನಿಯ ಗಾತ್ರವೂ ಬದಲಾಗುತ್ತದೆ. ಶಾಯಿಯನ್ನು ಕಾಯಿಸುವ ಅಗತ್ಯವಿಲ್ಲದ್ದರಿಂದ ನೀರಿನ ಶಾಯಿಯೇ ಆಗಬೇಕೆಂಬ ಕಟ್ಟಳೆಯಿಲ್ಲ. ಸಾಲ್ವೆಂಟ್ ಶಾಯಿ, ಬಟ್ಟೆಯ ಬಣ್ಣ, ಟೈಲ್ಸಿನ ಮೇಲೆ ಕೂರುವ ಸೆರಾಮಿಕ್ ಶಾಯಿ ಎಲ್ಲವೂ ನಡೆಯುತ್ತದೆ. ಗುಜರಾತಿನ ಮೋರ್ಬಿಯಿಂದ ಬರುವ ಟೈಲ್ಸಿನ ಮೇಲಿನ ಮರದ ಗೆರೆ, ಅಮೃತಶಿಲೆಯ ನಾಳಗಳ ಚಿತ್ತಾರವನ್ನು ಬಿಡಿಸುವುದೂ ಇಂಥ ಹೆಡ್ಡುಗಳೇ. ಕ್ಯಾನನ್ ಮತ್ತು ಎಚ್‌ಪಿ ಕಂಪನಿಗಳು 1970ರ ದಶಕದ ಕೊನೆಗೆ ಹಿಡಿದ ದಾರಿ ಬೇರೆ. ಅವರದು ಶಾಯಿಯನ್ನು ಕಾಯಿಸಿ, ಗುಳ್ಳೆ ಎಬ್ಬಿಸಿ, ಆ ಗುಳ್ಳೆಯ ಒತ್ತಡದಿಂದ ಹನಿ ಹಾರಿಸುವ ವಿಧಾನ. ಅದು ಇಲ್ಲಿನ ವಿಷಯವಲ್ಲ.

ಪೇಟೆಂಟಿನ ಕಣ್ಣಿಂದ ನೋಡಿದರೆ ಪಿಯೆಜೊ ಹೆಡ್ಡಿನ ಚರಿತ್ರೆ ಬಹಳ ಸ್ವಾರಸ್ಯದ್ದು. ವಸ್ತು ಒಂದೇ, ಅದನ್ನು ಬಳಸಿದ ಬಗೆ ಒಬ್ಬೊಬ್ಬರದೂ ಒಂದೊಂದು. ಅಮೆರಿಕದ ಕ್ಲೆವೈಟ್ ಕಂಪನಿಯ ಸ್ಟೀವನ್ ಝೋಲ್ಟನ್ ಪಿಯೆಜೊ ಕೊಳವೆಯೊಂದು ಶಾಯಿಯ ನಳಿಕೆಯನ್ನು ಸುತ್ತಲಿಂದ ಹಿಂಡುವ ವಿಧಾನಕ್ಕೆ 1972ರಲ್ಲಿ ಅಮೆರಿಕದ 3683212 ಸಂಖ್ಯೆಯ ಪೇಟೆಂಟ್ ಪಡೆದರು. ಸ್ವೀಡನ್ನಿನ ಚಾಲ್ಮರ್ಸ್ ತಾಂತ್ರಿಕ ವಿಶ್ವವಿದ್ಯಾಲಯದ ಸ್ಟೆಮ್ಮೆ ಅವರಿಗೆ 1973ರಲ್ಲಿ ಸಿಕ್ಕಿದ ಪೇಟೆಂಟಿನಲ್ಲಿ ಪಿಯೆಜೊ ಬಿಲ್ಲೆ ಬಾಗಿ ಶಾಯಿಯನ್ನು ಒತ್ತುತ್ತದೆ. ಸಿಲೋನಿಕ್ಸ್ ಕಂಪನಿಯ ಕೈಸರ್ ಮತ್ತು ಸಿಯರ್ಸ್ 1976ರಲ್ಲಿ ಪಡೆದದ್ದು ಬಾಗುವ ತಗಡಿನ ಇನ್ನೊಂದು ರಚನೆಗೆ. ಮುಂದೆ ಕೇಂಬ್ರಿಜ್‌ನಲ್ಲಿ 1990ರಲ್ಲಿ ಹುಟ್ಟಿದ ಜಾರ್ ಕಂಪನಿ, ಶಾಯಿಯ ಕಾಲುವೆಗಳ ನಡುವಿನ ಗೋಡೆಯನ್ನೇ ಪಿಝಡ್‌ಟಿಯಲ್ಲಿ ಕೊರೆದು, ಗೋಡೆ ಓರೆಯಾಗಿ ವಾಲುವಂತೆ ಮಾಡಿತು. ಒಂದೇ ಗೋಡೆ ಎರಡೂ ಬದಿಯ ಕಾಲುವೆಗಳಿಗೆ ದುಡಿಯುತ್ತದೆ.

ಹಿಂಡುವುದು, ಬಾಗುವುದು, ವಾಲುವುದು. ಸಾಮಾನ್ಯ ಓದುಗನಿಗೆ ಇವುಗಳ ನಡುವೆ ಅಂಥ ವ್ಯತ್ಯಾಸ ಕಾಣದಿರಬಹುದು. ಪರೀಕ್ಷಕನಿಗೆ ಕಾಣಲೇಬೇಕು. ಪಿಯೆಜೊ ಎಂಬ ಗುಣ ಕ್ಯೂರಿಗಳ ಕಾಲದಿಂದ ಎಲ್ಲರದು. ಅದನ್ನು ಶಾಯಿಗೆ ಜೋಡಿಸುವ ನಿರ್ದಿಷ್ಟ ಕೌಶಲ ಮಾತ್ರ ಆಯಾ ಸಂಶೋಧಕರದು, ಅದೂ ಕೆಲವು ವರ್ಷಗಳ ಮಟ್ಟಿಗೆ. ಅಂದಿನ ಅಮೆರಿಕದ ಕಾನೂನಿನಂತೆ ಮಂಜೂರಾದ ದಿನದಿಂದ 17 ವರ್ಷ ಲೆಕ್ಕ ಹಾಕಿದರೆ 1972, 1973 ಮತ್ತು 1976ರ ಆ ಮೂರೂ ಪೇಟೆಂಟುಗಳ ಅವಧಿ 1989ರಿಂದ 1993ರ ನಡುವೆ ತೀರಿತು. ಇವತ್ತು ಅವುಗಳ ಚಿತ್ರ, ಅಳತೆ, ವಿವರಣೆಗಳನ್ನು ಯಾರು ಬೇಕಾದರೂ ತೆಗೆದು ಓದಬಹುದು, ಅದರಂತೆ ಹೆಡ್ ಕಟ್ಟಬಹುದು. ಪೇಟೆಂಟ್ ಎಂಬ ಒಪ್ಪಂದದ ಸತ್ವ ಇದರಲ್ಲಿದೆ: ಗುಟ್ಟನ್ನು ಬಿಚ್ಚಿ ಬರೆದುಕೊಡು, ಪ್ರತಿಯಾಗಿ ಕೆಲಕಾಲ ಏಕಸ್ವಾಮ್ಯ ತೆಗೆದುಕೋ, ಆಮೇಲೆ ಅದು ಲೋಕದ್ದು.

ಸೀಕೋ ಎಪ್ಸನ್ ಕಂಪನಿ 1993ರಲ್ಲಿ ಪಿಯೆಜೊ ಹೆಡ್ಡಿನ ಸ್ಟೈಲಸ್ 800 ಎಂಬ ಪ್ರಿಂಟರನ್ನು ಮಾರುಕಟ್ಟೆಗೆ ತಂದಿತು. ಆ ಕಂಪನಿಯ ಭಾರತದ ಮುಖ್ಯ ಕಚೇರಿ ಇರುವುದು ಬೆಂಗಳೂರಿನಲ್ಲಿ. ಅದರ ಶಾಯಿ ತೊಟ್ಟಿಯ ಪ್ರಿಂಟರುಗಳು ಈಗ ಹಳ್ಳಿಯ ಜೆರಾಕ್ಸ್ ಅಂಗಡಿಗಳವರೆಗೂ ಬಂದಿವೆ. 2013ರಲ್ಲಿ ಎಪ್ಸನ್ ಪ್ರಕಟಿಸಿದ ಪ್ರಿಸಿಷನ್‌ಕೋರ್ ಹೆಡ್ಡಿನಲ್ಲಿ ಪಿಯೆಜೊ ಪದರದ ದಪ್ಪ ಸುಮಾರು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಸೆರಾಮಿಕ್ ಗಟ್ಟಿಯನ್ನು ಕೊಯ್ದು ಅಂಟಿಸುವ ವಿಧಾನದ ಜೊತೆಗೆ, ಸಿಲಿಕಾನ್ ಬಿಲ್ಲೆಯ ಮೇಲೆ ಪದರ ಪದರವಾಗಿ ಪಿಝಡ್‌ಟಿ ಬೆಳೆಸುವ ಕಾಲವೂ ಬಂತು.

ಪೇಟೆಂಟ್ ಪರೀಕ್ಷೆ ನಿಜಕ್ಕೂ ಕಠಿಣವಾದದ್ದು ಇಲ್ಲಿಂದ. ಹಿಂಡುವುದಕ್ಕೂ ಬಾಗುವುದಕ್ಕೂ ಇರುವ ಭೇದವನ್ನು ಚಿತ್ರ ನೋಡಿ ಹೇಳಬಹುದು. ಒಂದು ಮೈಕ್ರಾನ್ ಪದರದ ಹರಳುಗಳು ಯಾವ ದಿಕ್ಕಿಗೆ ತಿರುಗಿವೆ ಎಂಬ ಭೇದವನ್ನು ಎಕ್ಸ್‌-ರೇ ಅಳತೆಗಳಲ್ಲೇ ಓದಬೇಕು.

ಈ ಪರೀಕ್ಷೆ ನಡೆಯುವುದು ಪೇಟೆಂಟ್ ಕಚೇರಿಗಳಲ್ಲಿ. ಕರ್ನಾಟಕದಲ್ಲಿ ವಾಸಿಸುವವರ, ಇಲ್ಲಿ ನೆಲೆಯಿರುವ ಸಂಸ್ಥೆಗಳ ಪೇಟೆಂಟ್ ಅರ್ಜಿಗಳು ಸಲ್ಲುವುದು ಚೆನ್ನೈ ಕಚೇರಿಗೆ. ಗಿಂಡಿಯಲ್ಲಿರುವ ಆ ಕಚೇರಿಯ ವ್ಯಾಪ್ತಿಗೆ ದಕ್ಷಿಣದ ಐದೂ ರಾಜ್ಯಗಳು ಬರುತ್ತವೆ. ಕೋಲ್ಕತ್ತ, ದೆಹಲಿ, ಮುಂಬೈಗಳಲ್ಲಿ ಉಳಿದ ಮೂರು ಕಚೇರಿಗಳಿವೆ. ಭಾರತದಲ್ಲಿ ಪೇಟೆಂಟ್ ಪದ್ಧತಿ ಶುರುವಾದದ್ದು 1856ರ ಕಾಯ್ದೆಯಿಂದ. ಆ ವರ್ಷದ ಮಾರ್ಚಿನಲ್ಲಿ ಕಲ್ಕತ್ತದ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್ ಪಂಖಾ ಎಳೆಯುವ ಯಂತ್ರಕ್ಕಾಗಿ ಮೊದಲ ಅರ್ಜಿ ಹಾಕಿದರು. ಈಗ ನಡೆಯುತ್ತಿರುವುದು 1970ರ ಪೇಟೆಂಟ್ ಕಾಯ್ದೆ ಮತ್ತು ಅದಕ್ಕಾದ ತಿದ್ದುಪಡಿಗಳು. 2022-23ರಲ್ಲಿ ದೇಶದಲ್ಲಿ 82,811 ಅರ್ಜಿಗಳು ಸಲ್ಲಿಕೆಯಾದವು. ಜಪಾನಿನ ಹೆಡ್ ತಯಾರಕರ ಅರ್ಜಿಗಳು ಇಲ್ಲಿಗೆ ಬರುವ ಹೆದ್ದಾರಿಯೆಂದರೆ ಪೇಟೆಂಟ್ ಸಹಕಾರ ಒಪ್ಪಂದ. ಭಾರತ ಅದನ್ನು ಸೇರಿದ್ದು 1998ರ ಡಿಸೆಂಬರಿನಲ್ಲಿ. ಒಂದು ದೇಶದಲ್ಲಿ ಮೊದಲು ಅರ್ಜಿ ಹಾಕಿದವರು 31 ತಿಂಗಳೊಳಗೆ ಭಾರತಕ್ಕೆ ಬರಬಹುದು.

ಅರ್ಜಿ ಕೊಟ್ಟ ಮಾತ್ರಕ್ಕೆ ಪರೀಕ್ಷೆ ನಡೆಯುವುದಿಲ್ಲ. ಪರೀಕ್ಷಿಸಿ ಎಂದು ಪ್ರತ್ಯೇಕ ಕೋರಿಕೆ ಸಲ್ಲಿಸಿ ಶುಲ್ಕ ಕಟ್ಟಬೇಕು. ಅದಕ್ಕೆ ಮೊದಲು 48 ತಿಂಗಳ ಗಡುವಿತ್ತು. 2024ರ ಮಾರ್ಚಿನ ನಿಯಮಗಳು ಅದನ್ನು 31 ತಿಂಗಳಿಗೆ ಇಳಿಸಿದವು. ಸಾಮಾನ್ಯವಾಗಿ 18 ತಿಂಗಳು ಕಳೆದ ಮೇಲೆ ಅರ್ಜಿ ಪ್ರಕಟವಾಗುತ್ತದೆ. ಅಲ್ಲಿಂದ ಮುಂದೆ ಅದರ ಕಡತ ಯಾರು ಬೇಕಾದರೂ ನೋಡಬಹುದಾದ ಸಾರ್ವಜನಿಕ ದಾಖಲೆ.

ಪರೀಕ್ಷಕರ ಮೇಜಿಗೆ ಹೀಗೊಂದು ಅರ್ಜಿ ಬಂದಿದೆ ಎಂದಿಟ್ಟುಕೊಳ್ಳೋಣ. ಸಿಲಿಕಾನಿನ ಮೇಲೆ ಕಂಪಿಸುವ ತೆಳುಪೊರೆ. ಅದರ ಮೇಲೆ ಪ್ಲಾಟಿನಂ ವಿದ್ಯುದ್ವಾರ. ಅದರ ಮೇಲೆ ಲ್ಯಾಂಥನಂ ನಿಕಲೇಟ್ ಎಂಬ ಆಕ್ಸೈಡಿನ ಇನ್ನೂ ತೆಳುವಾದ ಪದರ. ಆಮೇಲೆ 0.5ರಿಂದ 3 ಮೈಕ್ರಾನ್ ದಪ್ಪದ ಪಿಝಡ್‌ಟಿ, ಕೊನೆಗೆ ಮೇಲಿನ ವಿದ್ಯುದ್ವಾರ. ನಡುವಿನ ನಿಕಲೇಟ್ ಪದರದಿಂದಾಗಿ ಪಿಝಡ್‌ಟಿಯ ಹರಳುಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡುತ್ತವೆ, ಕೋಟ್ಯಂತರ ಮಿಡಿತಗಳಾದ ಮೇಲೂ ಹಿಗ್ಗುವ ಶಕ್ತಿ ಕುಂದುವುದಿಲ್ಲ ಎಂಬುದು ಅರ್ಜಿದಾರನ ವಾದ. ಅರವತ್ತು ಪುಟದ ವಿವರಣೆ, ಹತ್ತು ಚಿತ್ರ, ಕೊನೆಯಲ್ಲಿ ಹದಿನೈದು ಕ್ಲೇಮುಗಳು.

ಪರೀಕ್ಷೆಯ ಕೇಂದ್ರ ಈ ಕ್ಲೇಮುಗಳೇ. ಹೊಲದ ಕ್ರಯಪತ್ರದಲ್ಲಿ ಚೆಕ್ಕುಬಂದಿ ಬರೆಯುತ್ತಾರೆ: ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ. ಕ್ಲೇಮು ಆವಿಷ್ಕಾರದ ಚೆಕ್ಕುಬಂದಿ. ಗಡಿ ವಿಸ್ತಾರವಾಗಿದ್ದಷ್ಟೂ ಅರ್ಜಿದಾರನಿಗೆ ಲಾಭ. ಹಾಗೆ ಹಿಗ್ಗಿಸುವಾಗ ಊರಿನ ಗೋಮಾಳವೂ ಒಳಗೆ ಸೇರಿಬಿಡುವ ಅಪಾಯ ಇದ್ದೇ ಇರುತ್ತದೆ. ಅದು ಸೇರದಂತೆ ನೋಡಿಕೊಳ್ಳುವುದು ಪರೀಕ್ಷಕರ ಹೊಣೆ.

ಮೊದಲ ಕೆಲಸ ಹುಡುಕಾಟ. ಲೋಕದ ಪೇಟೆಂಟ್ ದಾಖಲೆಗಳನ್ನೆಲ್ಲ ವಿಷಯವಾರು ವಿಂಗಡಿಸಲು ಒಂದು ಅಂತರರಾಷ್ಟ್ರೀಯ ವರ್ಗೀಕರಣವಿದೆ. ಪಿಯೆಜೊ ಒತ್ತಡದಿಂದ ಹನಿ ಹಾರಿಸುವ ಮುದ್ರಣ ಅದರಲ್ಲಿ ಬಿ41ಜೆ 2/045 ಎಂಬ ಜಾಗದಲ್ಲಿದೆ, ಹೆಡ್ಡಿನ ರಚನೆ ಬಿ41ಜೆ 2/14ರಲ್ಲಿ. ಪಿಯೆಜೊ ಸಾಧನಗಳು ಬಹುಕಾಲ ಎಚ್01ಎಲ್ 41 ಎಂಬ ಗುಂಪಿನಲ್ಲಿದ್ದವು. 2023ರಿಂದ ಅವುಗಳಿಗೆ ಎಚ್10ಎನ್ 30 ಎಂಬ ಸ್ವಂತ ಮನೆ ಸಿಕ್ಕಿತು. ಪರೀಕ್ಷಕರು ಹಳೆಯ ಗುಂಪನ್ನೂ ಹೊಸದನ್ನೂ ತಡಕಬೇಕು, ವಿಜ್ಞಾನ ಪತ್ರಿಕೆಗಳ ಲೇಖನಗಳನ್ನೂ ಓದಬೇಕು. ಜಪಾನಿ ಭಾಷೆಯಲ್ಲಷ್ಟೇ ಪ್ರಕಟವಾದ ದಾಖಲೆಯೂ ಲೆಕ್ಕಕ್ಕೆ ಬರುತ್ತದೆ. ಅರ್ಜಿಯ ದಿನಕ್ಕಿಂತ ಮುಂಚೆ ಲೋಕದ ಯಾವ ಮೂಲೆಯಲ್ಲಾದರೂ ಇಡೀ ಕ್ಲೇಮು ಒಂದೇ ದಾಖಲೆಯಲ್ಲಿ ಬಂದಿದ್ದರೆ ಅದು ಹೊಸದಲ್ಲ. ಅಲ್ಲಿಗೆ ಆ ಕ್ಲೇಮಿನ ಕತೆ ಮುಗಿಯಿತು.

ಹಾಗೆ ಸಲೀಸಾಗಿ ಮುಗಿಯುವುದು ಅಪರೂಪ. ನಮ್ಮ ಅರ್ಜಿಯ ವಿಷಯದಲ್ಲಿ ಎರಡು ದಾಖಲೆ ಸಿಕ್ಕವೆನ್ನೋಣ. ಒಂದರಲ್ಲಿ ಇದೇ ಬಗೆಯ ತೆಳುಪದರದ ಹೆಡ್ ಇದೆ, ನಿಕಲೇಟ್ ಇಲ್ಲ. ಇನ್ನೊಂದರಲ್ಲಿ ಕಂಪ್ಯೂಟರ್ ನೆನಪಿನ ಚಿಪ್ಪಿಗಾಗಿ ಬೆಳೆಸಿದ ಪಿಝಡ್‌ಟಿಯ ಕೆಳಗೆ ನಿಕಲೇಟ್ ಪದರವಿದೆ, ಶಾಯಿಯ ಮಾತಿಲ್ಲ. ಎರಡನ್ನೂ ಮುಂದಿಟ್ಟುಕೊಂಡ ಈ ವಿದ್ಯೆಯ ಸಾಮಾನ್ಯ ಬಲ್ಲವನೊಬ್ಬ ತಾನಾಗಿಯೇ ಅವನ್ನು ಜೋಡಿಸುತ್ತಿದ್ದನೇ? ಜೋಡಿಸುತ್ತಿದ್ದ ಎಂದಾದರೆ ಅದರಲ್ಲಿ ಆವಿಷ್ಕಾರದ ಹೆಜ್ಜೆಯಿಲ್ಲ. ಅರ್ಜಿದಾರ ಸುಮ್ಮನಿರುವುದಿಲ್ಲ. ನೆನಪಿನ ಚಿಪ್ಪಿಗೆ ಬೇಕಾದದ್ದು ಆವೇಶವನ್ನು ಹಿಡಿದಿಡುವ ಗುಣ, ಹೆಡ್ಡಿಗೆ ಬೇಕಾದದ್ದು ಚಲನೆ. ಚಿಪ್ಪಿನ ಪದರ ಮಿಸುಕಬೇಕಿಲ್ಲ, ಹೆಡ್ಡಿನ ಪದರ ಸೆಕೆಂಡಿಗೆ ಸಾವಿರಾರು ಸಲ ಬಾಗಿಯೂ ಬಿರುಕು ಬಿಡಬಾರದು. ಹೀಗಿರುವಾಗ ಅಲ್ಲಿಂದ ಇಲ್ಲಿಗೆ ತರಲು ಯಾರಿಗೂ ತೋಚುವಂತಿರಲಿಲ್ಲ ಎಂದು ವಾದಿಸುತ್ತಾನೆ. ಪರೀಕ್ಷಕರು ಆಗ ಅಂಕಿಗಳನ್ನು ಕೇಳುತ್ತಾರೆ. 0.5ರಿಂದ 3 ಮೈಕ್ರಾನಿನವರೆಗೆ ಹಕ್ಕು ಕೇಳಿದ್ದೀರಿ, ಪ್ರಯೋಗ ಮಾಡಿ ತೋರಿಸಿದ್ದು 1.1 ಮೈಕ್ರಾನಿನಲ್ಲಿ ಮಾತ್ರ, ಉಳಿದದ್ದಕ್ಕೆ ಆಧಾರವೇನು? ನಿಕಲೇಟ್ ಇಲ್ಲದ ಮಾದರಿಯೊಂದಿಗೆ ಹೋಲಿಸಿದ್ದೀರಾ?

ಆವಿಷ್ಕಾರದ ಹೆಜ್ಜೆಯ ಈ ಪ್ರಶ್ನೆಯನ್ನು ಭಾರತದ ಸುಪ್ರೀಂ ಕೋರ್ಟು 1978ರಲ್ಲೇ ಬಿಡಿಸಿ ಹೇಳಿದೆ. ಪ್ರಕರಣ ಪಾತ್ರೆಗಳದ್ದು. ಲೋಹದ ಪಾತ್ರೆಗಳನ್ನು ತಿರುಗುಯಂತ್ರಕ್ಕೆ ಹಿಡಿದು ನಯಮಾಡುವ ಒಂದು ವಿಧಾನಕ್ಕೆ ಹಿಂದುಸ್ತಾನ್ ಮೆಟಲ್ ಇಂಡಸ್ಟ್ರೀಸ್ ಪೇಟೆಂಟ್ ಹೊಂದಿತ್ತು. ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಂ ಎಂಬ ಸಂಸ್ಥೆ ಅದನ್ನು ಪ್ರಶ್ನಿಸಿತು. ಗೊತ್ತಿದ್ದ ಸಾಧನಕ್ಕೆ ಗೊತ್ತಿದ್ದ ಭಾಗವೊಂದನ್ನು ಸೇರಿಸುವುದು ಕಮ್ಮಟದ ಸಾಮಾನ್ಯ ಸುಧಾರಣೆಯೇ ಹೊರತು ಆವಿಷ್ಕಾರವಲ್ಲ ಎಂದು ನ್ಯಾಯಾಲಯ ಆ ಪೇಟೆಂಟನ್ನು ತಳ್ಳಿಹಾಕಿತು. ಪಾತ್ರೆ ಉಜ್ಜುವ ಯಂತ್ರದ ಆ ತೀರ್ಪನ್ನು ಆವಿಷ್ಕಾರದ ಹೆಜ್ಜೆಯ ಚರ್ಚೆಯಲ್ಲಿ ಇಂದಿಗೂ ಉದ್ಧರಿಸುತ್ತಾರೆ. ಕಾಯ್ದೆಯ ಮೂರನೇ ಸೆಕ್ಷನ್ನಿನಲ್ಲಿಯೂ ಇದೇ ಧಾಟಿಯ ಬೇಲಿಗಳಿವೆ. ತಮ್ಮ ಪಾಡಿಗೆ ತಾವು ಕೆಲಸ ಮಾಡುವ ಹಳೆಯ ಸಾಧನಗಳನ್ನು ಬರಿದೇ ಜೋಡಿಸಿಟ್ಟರೆ ಪೇಟೆಂಟಿಲ್ಲ. ಬೆರೆಸಿದ ವಸ್ತುಗಳ ಗುಣಗಳು ಬರಿದೇ ಕೂಡಿಕೊಂಡಿದ್ದರೆ, ಅದಕ್ಕಿಂತ ಹೆಚ್ಚಿನದೇನೂ ಹುಟ್ಟದಿದ್ದರೆ, ಆ ಮಿಶ್ರಣಕ್ಕೂ ಇಲ್ಲ.

ಪರೀಕ್ಷಕರ ಆಕ್ಷೇಪಗಳೆಲ್ಲ ಮೊದಲ ಪರೀಕ್ಷಾ ವರದಿಯಾಗಿ ಅರ್ಜಿದಾರನಿಗೆ ಹೋಗುತ್ತವೆ. ಉತ್ತರ ಕೊಟ್ಟು ಸರಿಪಡಿಸಲು ಆರು ತಿಂಗಳ ಅವಕಾಶ. ಶುಲ್ಕ ಕಟ್ಟಿ ಮುಂದೂಡಿಸಿಕೊಳ್ಳಲೂ ಬರುತ್ತದೆ. ಸಾಮಾನ್ಯವಾಗಿ ಅರ್ಜಿದಾರ ಗಡಿಯನ್ನು ಒಳಕ್ಕೆ ಸರಿಸುತ್ತಾನೆ: 3 ಮೈಕ್ರಾನ್ ಇದ್ದದ್ದು 1.5 ಆಗುತ್ತದೆ, ನಿಕಲೇಟ್ ಪದರದ ದಪ್ಪಕ್ಕೂ ಒಂದು ಮಿತಿ ಬೀಳುತ್ತದೆ. ಗಡಿಯನ್ನು ಕುಗ್ಗಿಸಬಹುದು, ಮೊದಲು ಬರೆದುಕೊಟ್ಟ ವಿವರಣೆಯಲ್ಲಿ ಇಲ್ಲದ್ದನ್ನು ಆಮೇಲೆ ತುರುಕುವಂತಿಲ್ಲ. ಕಚೇರಿಯೊಳಗಿನ ಅಂತಿಮ ತೀರ್ಮಾನ ಪೇಟೆಂಟ್ ಅಧಿಕಾರಿಯಾದ ಕಂಟ್ರೋಲರರದು. ಒಪ್ಪಿಗೆಯಾಗದಿದ್ದರೆ ವಿಚಾರಣೆ, ಅಲ್ಲಿಯೂ ಸೋತರೆ ಹೈಕೋರ್ಟು. 2021ರಲ್ಲಿ ಮೇಲ್ಮನವಿ ಮಂಡಳಿ ರದ್ದಾದ ಮೇಲೆ ಚೆನ್ನೈ ಕಚೇರಿಯ ಆದೇಶಗಳ ಮೇಲ್ಮನವಿಗಳು ಮದ್ರಾಸ್ ಹೈಕೋರ್ಟಿಗೆ ಹೋಗುತ್ತವೆ. ಮಂಜೂರಾದ ಪೇಟೆಂಟಿನ ಆಯುಸ್ಸು ಅರ್ಜಿ ಹಾಕಿದ ದಿನದಿಂದ 20 ವರ್ಷ.

ಗಡಿಯ ಈ ಎಳೆದಾಟದ ಪರಿಣಾಮ ಅಂಗಡಿಯ ಗಲ್ಲಾಪೆಟ್ಟಿಗೆಯವರೆಗೂ ಬರುತ್ತದೆ. ಕ್ಲೇಮು ತೀರ ಅಗಲವಾಗಿದ್ದರೆ ಬೇರೊಬ್ಬರು ಅಗ್ಗದ ಹೆಡ್ ತಯಾರಿಸುವ ದಾರಿ ಇಪ್ಪತ್ತು ವರ್ಷ ಮುಚ್ಚುತ್ತದೆ. ತೀರ ಕಿರಿದಾಗಿದ್ದರೆ ವರ್ಷಗಟ್ಟಲೆ ದುಡಿದವನಿಗೆ ಫಲ ದಕ್ಕದೆ, ಮುಂದಿನ ಸಲ ಆತ ಗುಟ್ಟನ್ನು ಗುಟ್ಟಾಗಿಯೇ ಇಟ್ಟುಕೊಳ್ಳುತ್ತಾನೆ. 2023-24ರ ಒಂದೇ ವರ್ಷದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪೇಟೆಂಟುಗಳನ್ನು ಮಂಜೂರು ಮಾಡಿದ್ದನ್ನು ಸರ್ಕಾರ ಹೆಮ್ಮೆಯಿಂದ ಹೇಳಿಕೊಂಡಿತು. ವೇಗ ಬೇಕು, ನಿಜ. ಆದರೆ ಪಿಝಡ್‌ಟಿಯ ಒಂದು ಮೈಕ್ರಾನ್ ಪದರದ ಬಗ್ಗೆ ನ್ಯಾಯವಾಗಿ ತೀರ್ಮಾನಿಸಲು ಪರೀಕ್ಷಕರಿಗೆ ಓದುವ ಸಮಯವೂ ಬೇಕು. ಮಂಜೂರಾತಿಯ ಎಣಿಕೆಯೊಂದರಿಂದಲೇ ಈ ಕಚೇರಿಯನ್ನು ಅಳೆಯುವುದು ಸರಿಯಲ್ಲ.

ಪಿಯೆಜೊ ವಸ್ತುಗಳ ಮುಂದಿನ ದೊಡ್ಡ ಪೈಪೋಟಿಯಲ್ಲಿ ಕರ್ನಾಟಕದ ಪ್ರಯೋಗಾಲಯಗಳೂ ಇವೆ. ಪಿಝಡ್‌ಟಿಯ ತೂಕದಲ್ಲಿ ಶೇ 60ಕ್ಕೂ ಹೆಚ್ಚು ಸೀಸ. ಸೀಸ ವಿಷ, ಮಕ್ಕಳ ಮಿದುಳಿಗೆ ಅದು ಮಾಡುವ ಹಾನಿ ಎಲ್ಲರಿಗೂ ತಿಳಿದದ್ದು. ಎಲೆಕ್ಟ್ರಾನಿಕ್ ಉಪಕರಣಗಳಲ್ಲಿ ಸೀಸವನ್ನು ಯುರೋಪು 2006ರಿಂದ ನಿರ್ಬಂಧಿಸಿದೆ, ಭಾರತದ ಇ-ತ್ಯಾಜ್ಯ ನಿಯಮಗಳಲ್ಲಿಯೂ ಮಿತಿಯಿದೆ. ಪಿಯೆಜೊ ಸೆರಾಮಿಕ್ಕಿಗೆ ಮಾತ್ರ ಯುರೋಪಿನ ಕಾನೂನು ವಿನಾಯಿತಿ ಕೊಟ್ಟಿತು, ಏಕೆಂದರೆ ಅಷ್ಟೇ ಸಮರ್ಥವಾದ ಬದಲಿ ವಸ್ತು ಇರಲಿಲ್ಲ. 2004ರಲ್ಲಿ ಜಪಾನಿನ ಟೊಯೋಟಾ ಸಂಶೋಧನಾ ಕೇಂದ್ರದ ಸೈಟೊ ಮತ್ತು ಸಂಗಡಿಗರು ಪೊಟ್ಯಾಸಿಯಂ ಸೋಡಿಯಂ ನಯೊಬೇಟ್ ಆಧಾರದ ಸೀಸರಹಿತ ಸೆರಾಮಿಕ್ಕಿನ ಬಗ್ಗೆ ‘ನೇಚರ್’ ಪತ್ರಿಕೆಯಲ್ಲಿ ಬರೆದ ಮೇಲೆ ಲೋಕದೆಲ್ಲೆಡೆ ಹುಡುಕಾಟ ಬಿರುಸಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ರಾಜೀವ್ ರಂಜನ್ ಅವರ ತಂಡ ಸೋಡಿಯಂ ಬಿಸ್ಮತ್ ಟೈಟನೇಟ್ ಮೊದಲಾದ ಸೀಸರಹಿತ ವಸ್ತುಗಳ ಹರಳಿನ ರಚನೆ ಹೇಗೆ ಬದಲಾಗುತ್ತದೆ, ಆ ಬದಲಾವಣೆಗೂ ಪಿಯೆಜೊ ಶಕ್ತಿಗೂ ಏನು ನಂಟು ಎಂದು ವರ್ಷಗಳಿಂದ ಅಧ್ಯಯನ ಮಾಡುತ್ತಿದೆ. ಅದೇ ಊರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಪಿಝಡ್‌ಟಿ ಪುಡಿಯನ್ನು ತಾನೇ ತಯಾರಿಸಿ ಅದರ ತೆಳುಹಾಳೆಗಳನ್ನು ಒಂದರ ಮೇಲೊಂದು ಕೂರಿಸಿದ ಬಹುಪದರದ ಪಿಯೆಜೊ ಕಂಬಗಳನ್ನು ರೂಪಿಸಿದೆ.

ಸೀಸರಹಿತ ವಸ್ತುಗಳ ಅರ್ಜಿ ಪರೀಕ್ಷಕರಿಗೆ ಇನ್ನೂ ಜಟಿಲ. ನಾಲ್ಕೈದು ಮೂಲವಸ್ತುಗಳು, ಒಂದೊಂದಕ್ಕೂ ಒಂದು ಶೇಕಡಾವಾರು ವ್ಯಾಪ್ತಿ. ಎಲ್ಲ ಸೇರಿ ಲಕ್ಷಾಂತರ ಮಿಶ್ರಣಗಳು ಒಂದೇ ಕ್ಲೇಮಿನೊಳಗೆ ಬಂದುಬಿಡುತ್ತವೆ. ಪ್ರಯೋಗ ನಡೆದದ್ದು ಹತ್ತಾರು ಮಿಶ್ರಣಗಳ ಮೇಲೆ. ಹಳೆಯ ಲೇಖನವೊಂದರಲ್ಲಿ ಆ ವ್ಯಾಪ್ತಿಯೊಳಗಿನ ಒಂದೇ ಒಂದು ಮಿಶ್ರಣ ಸಿಕ್ಕರೂ ಕ್ಲೇಮಿನ ಬುಡ ಅಲುಗುತ್ತದೆ. ಆದ್ದರಿಂದ ಬೆಂಗಳೂರಿನ ಪ್ರಯೋಗಾಲಯಗಳಿಂದ ಹೊರಬಂದ ಪ್ರತಿ ಪ್ರಬಂಧವೂ ಎರಡು ಕೆಲಸ ಮಾಡುತ್ತದೆ. ಒಂದು ವಿಜ್ಞಾನದ್ದು. ಇನ್ನೊಂದು, ಎಂದೋ ಒಂದು ದಿನ ವಿದೇಶದ ಅರ್ಜಿಯೊಂದು ಅತಿಯಾದ ಗಡಿ ಹಾಕಿಕೊಂಡು ಬಂದಾಗ ಇದು ಆಗಲೇ ಗೊತ್ತಿತ್ತು ಎಂದು ಸಾಕ್ಷಿ ನುಡಿಯುವುದು.

ಸಾಕ್ಷಿಯನ್ನು ಪರೀಕ್ಷಕರೇ ಹುಡುಕಬೇಕೆಂದಿಲ್ಲ. ಕಾಯ್ದೆಯ 25ನೇ ಸೆಕ್ಷನ್ನಿನ ಪ್ರಕಾರ, ಪ್ರಕಟವಾದ ಅರ್ಜಿ ಮಂಜೂರಾಗುವ ಮೊದಲು ಯಾರು ಬೇಕಾದರೂ ಆಕ್ಷೇಪ ಸಲ್ಲಿಸಬಹುದು. ಪ್ರತಿಸ್ಪರ್ಧಿ ಕಂಪನಿಯೇ ಆಗಬೇಕಿಲ್ಲ, ವಿಜ್ಞಾನಿಯೇ ಆಗಬೇಕಿಲ್ಲ. ಔಷಧಗಳ ವಿಷಯದಲ್ಲಿ ರೋಗಿಗಳ ಸಂಘಟನೆಗಳು ಈ ಹಕ್ಕನ್ನು ಚೆನ್ನಾಗಿ ಬಳಸಿಕೊಂಡಿವೆ. ಯಂತ್ರಗಳ ವಿಷಯದಲ್ಲಿ ಆ ಬಳಕೆ ಇನ್ನೂ ಬೆಳೆಯಬೇಕು. ದೇವದುರ್ಗದಲ್ಲೋ ಮಾನ್ವಿಯಲ್ಲೋ ಹತ್ತಾರು ಹೆಡ್ ಬಿಚ್ಚಿ ಜೋಡಿಸಿದ ರಿಪೇರಿಗಾರನಿಗೆ, ಹೊಸತೆಂದು ಹೇಳಿಕೊಂಡ ರಚನೆ ಹಳೆಯ ಮಾದರಿಯಲ್ಲೇ ಇತ್ತೆಂಬುದು ಕೈಯ ಅನುಭವದಿಂದಲೇ ಗೊತ್ತಿರಬಹುದು. ಮೊದಲು ಈ ಆಕ್ಷೇಪಕ್ಕೆ ಶುಲ್ಕವಿರಲಿಲ್ಲ. 2024ರ ನಿಯಮಗಳು ಶುಲ್ಕ ಹಾಕಿವೆ, ಆಕ್ಷೇಪಕ್ಕೆ ಹುರುಳಿದೆಯೇ ಎಂಬುದನ್ನು ಕಂಟ್ರೋಲರ್ ಮೊದಲೇ ನೋಡಬೇಕೆಂದೂ ಹೇಳಿವೆ. ಸುಮ್ಮನೆ ಕಾಟ ಕೊಡುವವರನ್ನು ತಡೆಯಲು ಇದು ಬೇಕಿತ್ತೇನೋ. ಸಣ್ಣವರಿಗೆ ಮಾತ್ರ ಹೊಸ್ತಿಲು ಎತ್ತರವಾಯಿತು.

ಸ್ವಂತ ಆವಿಷ್ಕಾರ ಇದ್ದವರಿಗೆ ದಾರಿ ಮೊದಲಿಗಿಂತ ಸಲೀಸು. ಆನ್‌ಲೈನಿನಲ್ಲಿ ಅರ್ಜಿ ಸಲ್ಲಿಸಲು ದೊಡ್ಡ ಕಂಪನಿಗೆ 8,000 ರೂಪಾಯಿಯಾದರೆ ವ್ಯಕ್ತಿಗೆ 1,600. ಶಿಕ್ಷಣ ಸಂಸ್ಥೆಗಳಿಗೆ 2021ರಿಂದ ಶೇ 80ರಷ್ಟು ರಿಯಾಯಿತಿಯಿದೆ. ಸ್ಟಾರ್ಟಪ್‌ಗಳು ಮತ್ತು ಮಹಿಳಾ ಅರ್ಜಿದಾರರು ಬೇಗನೆ ಪರೀಕ್ಷಿಸಿ ಎಂದು ಕೋರಬಹುದು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರವಿದೆ. 2019ರಲ್ಲಿ ಶುರುವಾದ ಐಐಐಟಿಯೊಂದು ರಾಯಚೂರಿನಲ್ಲಿದೆ. ಅಲ್ಲಿನ ವಿದ್ಯಾರ್ಥಿ ಎಚ್10ಎನ್ 30 ಎಂದು ಪೇಟೆಂಟ್ ಕಚೇರಿಯ ಜಾಲದಲ್ಲಿ ಹುಡುಕಿದರೆ ಅರ್ಜಿ, ಪರೀಕ್ಷಾ ವರದಿ, ಉತ್ತರ, ತಿದ್ದಿದ ಕ್ಲೇಮು ಎಲ್ಲವೂ ಪುಕ್ಕಟೆಯಾಗಿ ತೆರೆದುಕೊಳ್ಳುತ್ತವೆ. ಮೊದಲಿನ ಕ್ಲೇಮನ್ನೂ ಮಂಜೂರಾದ ಕ್ಲೇಮನ್ನೂ ಅಕ್ಕಪಕ್ಕ ಇಟ್ಟು ಓದುವುದಕ್ಕಿಂತ ಒಳ್ಳೆಯ ಪಾಠ ಈ ವಿಷಯದಲ್ಲಿ ಇನ್ನೊಂದಿಲ್ಲ. ಪರೀಕ್ಷಕರು ಎಲ್ಲಿ ಹಿಡಿದರು, ಅರ್ಜಿದಾರ ಎಲ್ಲಿ ಬಿಟ್ಟುಕೊಟ್ಟ ಎಂಬುದು ಸಾಲುಸಾಲಾಗಿ ಕಾಣುತ್ತದೆ.

ಆದರೆ ಆ ಕಡತಗಳಲ್ಲಿ ಒಂದು ಸಾಲೂ ಕನ್ನಡದಲ್ಲಿಲ್ಲ. ನಿಯಮದ ಪ್ರಕಾರ ಪೇಟೆಂಟ್ ದಾಖಲೆಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕು. ಅರವತ್ತು ಪುಟದ ವಿವರಣೆಯನ್ನು ಅನುವಾದಿಸಿ ಎಂದು ಕೇಳುವುದು ಅತಿಯಾಗಬಹುದು. ಪ್ರತಿ ಅರ್ಜಿಯೊಂದಿಗೂ ಇರುವ ನೂರೈವತ್ತು ಪದಗಳೊಳಗಿನ ಸಾರಾಂಶವನ್ನು ಪ್ರಕಟಣೆಯ ದಿನವೇ ಕನ್ನಡದಲ್ಲಿ ಕೊಡುವುದು ಇಂದಿನ ಅನುವಾದ ತಂತ್ರಗಳಿಗೆ ಭಾರವಲ್ಲ. ಅಷ್ಟಾದರೂ ಆದರೆ, ರಾಯಚೂರಿನ ಮುದ್ರಕನೊಬ್ಬ ತಾನು ದಿನವೂ ಓಡಿಸುವ ಯಂತ್ರದ ಮೇಲೆ ಯಾರು ಏನು ಹಕ್ಕು ಕೇಳುತ್ತಿದ್ದಾರೆಂದು ಓದಿ, ಆ ರಚನೆ ತನ್ನ ಹಳೆಯ ಹೆಡ್ಡಿನಲ್ಲೇ ಇತ್ತೆಂದು ಚೆನ್ನೈಗೆ ಬರೆಯಬಲ್ಲ.